ಹಳೇ ಚಕ್ಕೋತದ ಕಡ್ಡಿ ಏಕೆ ಬೇರು ಬಿಡುವುದಿಲ್ಲ?

ಪ್ರಶ್ನೆ: ದೇವನಹಳ್ಳಿ ಹತ್ತಿರ ನಮ್ಮ ಜಮೀನಿನ ಬದುವಿನಲ್ಲಿ ತಾತ ಬೀಜ ಹಾಕಿ ಬೆಳೆಸಿದ ಚಕ್ಕೋತದ ಮರವಿದೆ. ಅರವತ್ತು ವರ್ಷಕ್ಕೆ ಕಡಿಮೆಯಿಲ್ಲ. ತೊಳೆ ಕೆಂಪು, ಕಹಿ ಸ್ವಲ್ಪವೂ ಇಲ್ಲ. ಅದೇ ಹಣ್ಣು ಬೇಕೆಂದು ಜೂನ್‌ನಲ್ಲಿ ಕಡ್ಡಿ ನೆಟ್ಟೆ. ಮೂರು ವಾರಕ್ಕೆ ಚಿಗುರಿದವು, ಕೆಲವು ಮೊಗ್ಗೂ ಬಿಟ್ಟವು, ಆಮೇಲೆ ಎಲ್ಲವೂ ಒಣಗಿದವು. ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಗಂಟು, ಬೇರಿಲ್ಲ. ಪಕ್ಕದಲ್ಲೇ ಇಟ್ಟ ಗಜನಿಂಬೆ ಕಡ್ಡಿಗಳು ಚೆನ್ನಾಗಿ ಬಂದಿವೆ. ಮರಕ್ಕೆ ವಯಸ್ಸಾಗಿದೆ, ಅದಕ್ಕೇ ಹೀಗೆ ಎಂದರು. ಸರಿ ಎಂದು ನರ್ಸರಿಯಿಂದ ತಂದ ಮೂರು ವರ್ಷದ ಕಸಿ ಚಕ್ಕೋತದ ಕಡ್ಡಿಯನ್ನೂ ಇಟ್ಟು ನೋಡಿದೆ. ಅದೂ ಬರಲಿಲ್ಲ. ಹಾಗಿದ್ದರೆ ವಯಸ್ಸಿಗೂ ಬೇರಿಗೂ ಸಂಬಂಧ ಇದೆಯೋ ಇಲ್ಲವೋ?

ಉತ್ತರ: ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಆದರೆ ನಿಮ್ಮ ಕಸಿ ಗಿಡಕ್ಕೆ ಮೂರು ವರ್ಷ ಎಂದು ಲೆಕ್ಕ ಹಾಕಿದ್ದು ಸರಿಯಲ್ಲ. ಬೇರಿನ ವಿಷಯದಲ್ಲಿ ಗಿಡದ ವಯಸ್ಸನ್ನು ನೆಟ್ಟ ದಿನದಿಂದ ಎಣಿಸುವಂತಿಲ್ಲ, ಬೀಜ ಮೊಳೆತ ದಿನದಿಂದ ಎಣಿಸಬೇಕು. ನರ್ಸರಿಯವರು ಆ ಗಿಡಕ್ಕೆ ಕಣ್ಣು (ಕೊಂಬೆಯಲ್ಲಿ ಚಿಗುರೊಡೆಯುವ ಮೊಗ್ಗು) ತೆಗೆದದ್ದು ಹಣ್ಣು ಬಿಡುತ್ತಿದ್ದ ಯಾವುದೋ ಮರದಿಂದ. ಆ ಮರ ಹಣ್ಣಿಗೆ ಬರುವಷ್ಟು ಬಲಿತ ಮೇಲೆಯೇ ಕಣ್ಣು ಹೊರಟದ್ದು, ಬರುವಾಗ ಆ ಬಲಿತನವನ್ನೂ ಹೊತ್ತು ತಂದಿದೆ. ಮೂರು ವರ್ಷ ಎಂಬುದು ಕೆಳಗಿನ ಬೇರುಸಸಿಯ, ಅಂದರೆ ಆ ಕಣ್ಣನ್ನು ಕೂಡಿಸಿದ ಬೇರೆ ಸಸಿಯ, ವಯಸ್ಸು ಅಷ್ಟೇ. ನಿಮ್ಮ ತಾತನ ಮರದ ತುದಿಕೊಂಬೆ ಮತ್ತು ಈ ಕಸಿ ಗಿಡದ ಕೊಂಬೆ, ಬೇರು ಬಿಡುವ ಮಟ್ಟಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಒಂದೇ ವರ್ಗಕ್ಕೆ ಸೇರಿದವು. ಎರಡೂ ಕೈಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಕಾರಣಕ್ಕೆ ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೆ ಹಣ್ಣು ಕೊಡುತ್ತದೆ, ಬೀಜದ ಗಿಡ ಏಳೆಂಟು ವರ್ಷ ಕಾಯಿಸುತ್ತದೆ. ಬೇಗ ಹಣ್ಣು ಬರಲಿ ಎಂದು ನಾವು ದುಡ್ಡು ಕೊಟ್ಟು ತರುವ ಗುಣವೇ ಕಡ್ಡಿ ನೆಟ್ಟಾಗ ಅಡ್ಡ ಬರುತ್ತದೆ. ವಾಷಿಂಗ್ಟನ್ ನೇವಲ್ ಕಿತ್ತಳೆಯನ್ನೇ ನೋಡಿ. 1870ರಲ್ಲಿ ಬ್ರೆಜಿಲ್‌ನ ಬಯಾದಿಂದ ಅಮೆರಿಕಕ್ಕೆ ಬಂದ ತಳಿ ಅದು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಲೈಝಾ ಟಿಬೆಟ್ಸ್ ಅವರ ಹಿತ್ತಲಿಗೆ ಸೇರಿತು. ಮುಂದೆ ಕಣ್ಣಿನಿಂದ ಕಣ್ಣಿಗೆ ಕಸಿಯಾಗುತ್ತಾ ಲಕ್ಷಾಂತರ ಗಿಡಗಳಾಯಿತು. ಇವತ್ತು ಕೊಂಡು ತಂದ ನೇವಲ್ ಸಸಿಯ ಕೊಂಬೆಗೂ ನಿಜವಾದ ವಯಸ್ಸು ನೂರೈವತ್ತು ವರ್ಷದ ಮೇಲೆ. ಆದರೂ ಆ ಸಸಿ ಚುರುಕಾಗಿ ಬೆಳೆಯುತ್ತದೆ, ಸೊರಗಿರುವುದಿಲ್ಲ. ಅಂದರೆ ಬಲಿಯುವುದು ಬೇರೆ, ಮುಪ್ಪಾಗಿ ಸೊರಗುವುದು ಬೇರೆ. ಸೊರಗಿದ ಮರಕ್ಕೆ ಗೊಬ್ಬರ, ನೀರು, ಸವರುವಿಕೆ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಬಲಿತ ಕೊಂಬೆ ಅಷ್ಟು ಸುಲಭಕ್ಕೆ ಎಳೆತನಕ್ಕೆ ಹಿಂತಿರುಗುವುದಿಲ್ಲ.

ಈ ಸಂಗತಿ ಹೊಸದೇನಲ್ಲ. 1929ರಲ್ಲೇ ಅಮೆರಿಕದ ಗಾರ್ಡ್ನರ್ ಎಂಬ ತೋಟಗಾರಿಕೆ ವಿಜ್ಞಾನಿ ಸೇಬಿನ ಮೇಲೆ ಇದನ್ನು ತೋರಿಸಿದ್ದರು. ಒಂದು ವರ್ಷದ ಬೀಜದ ಸಸಿಯಿಂದ ತೆಗೆದ ಕಡ್ಡಿ ಸಲೀಸಾಗಿ ಬೇರು ಬಿಡುತ್ತದೆ, ಸಸಿಗೆ ವಯಸ್ಸಾಗುತ್ತಾ ಹೋದಂತೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ನಿಂಬೆ ಜಾತಿಯ ಗಿಡಗಳೂ ಇದೇ ದಾರಿ ಹಿಡಿಯುತ್ತವೆ, ಆದರೆ ಎಲ್ಲವೂ ಒಂದೇ ವೇಗದಲ್ಲಿ ಅಲ್ಲ.

ಕಡ್ಡಿಯೊಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ. ಕಾಂಡದಿಂದ ಬೇರು ಹುಟ್ಟಬೇಕಾದರೆ ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಜೀವಂತ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು, ಹೊಸದಾಗಿ ವಿಭಜನೆಗೊಂಡು, ಬೇರಿನ ತುದಿಯಾಗಿ ರೂಪುಗೊಳ್ಳಬೇಕು. ಹಾಗೆ ಮಾಡಿ ಎಂದು ಅವಕ್ಕೆ ಸೂಚನೆ ಕೊಡುವುದು ಆಕ್ಸಿನ್ ಎಂಬ ಹಾರ್ಮೋನು. ಎಳೆಯ ಸಸಿಯ ಕೋಶಗಳು ಈ ಸೂಚನೆಗೆ ತಟ್ಟನೆ ಸ್ಪಂದಿಸುತ್ತವೆ. ಬಲಿತ ಕೊಂಬೆಯ ಕೋಶಗಳಿಗೆ ಅದೇ ಹಾರ್ಮೋನು ಕೊಟ್ಟರೂ ಮೊದಲಿನ ಉತ್ಸಾಹ ಇರುವುದಿಲ್ಲ. ಇದರ ಜೊತೆಗೆ ಬೇರಿಗೆ ಅನುಕೂಲವಾದ ರಾಸಾಯನಿಕಗಳು ಕುಗ್ಗಿ, ತಡೆಯುವಂಥವು ಹೆಚ್ಚುತ್ತವೆ. ತೊಗಟೆಯೊಳಗಿನ ಗಟ್ಟಿ ನಾರಿನ ಕೋಶಗಳ ಪದರವೂ ದಪ್ಪವಾಗುತ್ತದೆ. ಆ ಪದರವೇ ಬೇರನ್ನು ತಡೆಯುತ್ತದೆ ಎಂದು ಹಿಂದೆ ಜೋರಾಗಿ ಹೇಳುತ್ತಿದ್ದರು. ನನಗೆ ಅದು ಮುಖ್ಯ ಕಾರಣ ಅನ್ನಿಸುವುದಿಲ್ಲ. ಬೇರು ಹುಟ್ಟಿಕೊಂಡರೆ ದಾರಿ ಮಾಡಿಕೊಂಡು ಹೊರಬರುತ್ತದೆ, ತೊಂದರೆ ಇರುವುದು ಹುಟ್ಟುವುದರಲ್ಲೇ.

ನೀವು ಕಂಡ ಬಿಳಿ ಗಂಟು ಗಾಯ ಮುಚ್ಚಿಕೊಳ್ಳಲು ಬೆಳೆದ ಕೋಶಗಳ ಗುಂಪು. ಅದು ಬೇರಿನ ಮೊದಲ ಹಂತ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಗಾಯ ಮಾಯುವುದು ಒಂದು ಕೆಲಸ, ಬೇರು ಹುಟ್ಟುವುದು ಇನ್ನೊಂದು. ಎರಡಕ್ಕೂ ಬೇಕಾದ ವಾತಾವರಣ ಒಂದೇ ಆಗಿರುವುದರಿಂದ ಜೊತೆಜೊತೆಗೆ ಕಾಣುತ್ತವೆ. ದೊಡ್ಡ ಗಂಟು ಕಟ್ಟಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಕೂತು, ಕೊನೆಗೆ ಒಣಗುವುದು ಚಕ್ಕೋತದಲ್ಲಿ ಮಾಮೂಲು. ಚಿಗುರಿದ್ದನ್ನೂ ನಂಬಬೇಡಿ, ಅದು ಕಡ್ಡಿಯಲ್ಲೇ ಕೂಡಿಟ್ಟಿದ್ದ ಆಹಾರದಿಂದ ಬಂದದ್ದು. ಮೊಗ್ಗು ಬಿಟ್ಟದ್ದಂತೂ ನಿಮ್ಮ ಪ್ರಶ್ನೆಗೆ ಕಡ್ಡಿಯೇ ಕೊಟ್ಟ ಉತ್ತರ: ಎಳೆಯ ಹಂತದ ಕಡ್ಡಿ ಮೊಗ್ಗು ಬಿಡುವುದಿಲ್ಲ. ಇನ್ನು ಮುಂದೆ ಕಡ್ಡಿಯಲ್ಲಿ ಮೊಗ್ಗು ಕಂಡರೆ ತಕ್ಷಣ ಚಿವುಟಿಬಿಡಿ, ಬೇರಿಗೆ ಹೋಗಬೇಕಾದ ಶಕ್ತಿಯನ್ನು ಅದು ಕಬಳಿಸುತ್ತದೆ.

ಹಾಗಾದರೆ ಗಜನಿಂಬೆ ಹೇಗೆ ಬಂತು? ಜಾತಿಯ ಗುಣ. ಮಾದಲ, ಗಜನಿಂಬೆ, ಜಂಬೇರಿ ಇವೆಲ್ಲ ಬೇರು ಬಿಡುವುದರಲ್ಲಿ ಧಾರಾಳಿಗಳು. ಮಾದಲದ ಕಾಂಡದಲ್ಲಂತೂ ಬೇರಿನ ಮೊಳಕೆಗಳು ಮರದ ಮೇಲಿರುವಾಗಲೇ ಸಿದ್ಧವಾಗಿ ಕೂತಿರುತ್ತವೆ, ತೇವ ಸಿಕ್ಕರೆ ಹೊರಟುಬಿಡುತ್ತವೆ. ಅಂಥ ಗಿಡಗಳಲ್ಲಿ ತಾಯಿಮರದ ವಯಸ್ಸು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮೂಸಂಬಿ, ಕಿತ್ತಳೆ, ಚಕ್ಕೋತ ಜುಗ್ಗರ ಸಾಲಿನವು. ಇವುಗಳಲ್ಲಿ ಎಳೆತನವೇ ದೊಡ್ಡ ಬಂಡವಾಳ, ಅದು ಹೋದರೆ ಉಳಿಯುವುದು ಕಡಿಮೆ.

ಈಗ ನಿಮ್ಮ ಮರಕ್ಕೆ ಬರೋಣ. ತಾತ ಬೀಜ ಹಾಕಿ ಬೆಳೆಸಿದ್ದು ಎಂದಿದ್ದೀರಿ. ಇದು ಒಳ್ಳೆಯ ಸುದ್ದಿ. ಬೀಜದ ಮರದಲ್ಲಿ ಒಂದು ವಿಚಿತ್ರವಿದೆ. ಅದರ ಅತ್ಯಂತ ಹಳೆಯ ಭಾಗವಾದ ಬುಡವೇ ಬೆಳವಣಿಗೆಯ ಹಂತದಲ್ಲಿ ಅತ್ಯಂತ ಎಳೆಯದು. ಸಸಿ ಮೇಲೆ ಬೆಳೆಯುತ್ತಾ ಗಿಣ್ಣಿನ ಮೇಲೆ ಗಿಣ್ಣು ಸೇರಿಸುತ್ತಾ ಹೋದಂತೆ ತುದಿ ಬಲಿಯುತ್ತದೆ. ಬುಡದ ಹತ್ತಿರ ಮೊದಲ ವರ್ಷ ಹುಟ್ಟಿದ ಮಲಗಿದ ಕಣ್ಣುಗಳು ಮಾತ್ರ ಸಸಿಯಾಗಿದ್ದಾಗಿನ ಸ್ಥಿತಿಯಲ್ಲೇ ಉಳಿದಿರುತ್ತವೆ. ಅದಕ್ಕೆ ಸಾಕ್ಷಿ ಬೇಕಾದರೆ ಮುಳ್ಳು ನೋಡಿ. ಮೇಲಿನ ಹಣ್ಣಿನ ಕೊಂಬೆಗಳಲ್ಲಿ ಮುಳ್ಳು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದಾಗಿರುತ್ತದೆ. ಬುಡದಿಂದ ಒಂದೆರಡು ಅಡಿಯೊಳಗೆ ಚಿಗುರು ಬಂದರೆ ಎಲೆ ಎಲೆಗೂ ಉದ್ದುದ್ದ ಮುಳ್ಳು, ಬೀಜದ ಸಸಿಯ ಹಾಗೇ. ಅಂಥ ಚಿಗುರಿನ ಕಡ್ಡಿ ಬೇರು ಬಿಡುವ ಸಾಧ್ಯತೆ ಮೇಲಿನ ಕೊಂಬೆಗಿಂತ ಎಷ್ಟೋ ಹೆಚ್ಚು.

ಆದರೆ ಇಲ್ಲಿ ಎರಡು ಎಚ್ಚರಿಕೆ. ಬುಡದ ಚಿಗುರಿನಿಂದ ಮಾಡಿದ ಗಿಡ ಹಣ್ಣಿಗೆ ಬರುವುದು ಬೀಜದ ಗಿಡದಷ್ಟೇ ನಿಧಾನ. ಹಣ್ಣು ತಾತನ ಮರದ್ದೇ, ಅದರಲ್ಲಿ ಅನುಮಾನವಿಲ್ಲ, ಆದರೆ ಏಳೆಂಟು ವರ್ಷ ಕಾಯಬೇಕು, ಅಷ್ಟು ಕಾಲವೂ ಮುಳ್ಳಿನ ಜೊತೆ ಬದುಕಬೇಕು. ಎರಡನೆಯದು ಕಸಿ ಗಿಡ ಇರುವವರಿಗೆ. ಕಸಿ ಗಂಟಿನ ಕೆಳಗೆ ಬರುವ ಚಿಗುರು ಚಕ್ಕೋತದ್ದಲ್ಲ, ಬೇರುಸಸಿಯದ್ದು, ಅಂದರೆ ಸಾಮಾನ್ಯವಾಗಿ ರಂಗಪುರ ನಿಂಬೆ ಅಥವಾ ಜಂಬೇರಿ. ಅವು ಬೇರು ಬಿಡುವುದರಲ್ಲಿ ಗಟ್ಟಿಗ. ಆದ್ದರಿಂದ ಕಸಿ ಗಿಡದ ಬುಡದ ಕಡ್ಡಿ ಬಹಳ ಚೆನ್ನಾಗಿ ಬೇರು ಬಿಟ್ಟಿತೆಂದರೆ ಖುಷಿಪಡುವ ಮೊದಲು ಎಲೆ ನೋಡಿ. ಚಕ್ಕೋತದ ಎಲೆ ದೊಡ್ಡದು, ತೊಟ್ಟಿನ ಎರಡೂ ಬದಿಗೆ ಅಗಲವಾದ ರೆಕ್ಕೆ ಇರುತ್ತದೆ, ಎಳೆಯ ಕಾಂಡವನ್ನು ಬೆರಳಲ್ಲಿ ಸವರಿದರೆ ನವಿರಾದ ರೋಮ ತಾಗುತ್ತದೆ. ರಂಗಪುರ ನಿಂಬೆಯ ಎಲೆ ಚಿಕ್ಕದು, ತೊಟ್ಟಿನ ರೆಕ್ಕೆ ಇದ್ದೂ ಇಲ್ಲದ ಹಾಗೆ, ಕಾಂಡ ನುಣುಪು. ಇಷ್ಟು ನೋಡದೆ ಬೇರುಸಸಿಯನ್ನೇ ಸಾಲು ಸಾಲಾಗಿ ನೆಟ್ಟು ವರ್ಷಗಟ್ಟಲೆ ನೀರು ಹಾಯಿಸಿದವರಿದ್ದಾರೆ.

ಬೀಜ ಹಾಕಿದರಾಗದೇ ಎಂದು ನೀವು ಕೇಳಬಹುದು. ಕೊಡಗಿನ ಕಿತ್ತಳೆಯವರು, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆಯವರು ಬೀಜದ ಸಸಿ ನೆಟ್ಟೇ ತೋಟ ಮಾಡಿದ್ದಾರೆ. ಅವರಿಗೆ ಪ್ರಕೃತಿಯೇ ಒಂದು ಅನುಕೂಲ ಮಾಡಿಕೊಟ್ಟಿದೆ. ಆ ಹಣ್ಣುಗಳ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಗುಣದಲ್ಲಿ ತಾಯಿಯ ಪಡಿಯಚ್ಚು, ಹಂತದಲ್ಲಿ ಹಸುಳೆ. ಎಷ್ಟೇ ಹಳೆಯ ಮರದ ಬೀಜವಾದರೂ ಸರಿ, ಸಸಿಗೆ ಮುಳ್ಳು, ಭರದ ಬೆಳವಣಿಗೆ, ತಡವಾದ ಫಸಲು ಎಲ್ಲವೂ ವಾಪಸ್ಸು. ಕ್ಯಾಲಿಫೋರ್ನಿಯಾದಲ್ಲಿ ಹೋವರ್ಡ್ ಫ್ರಾಸ್ಟ್ ಎಂಬ ವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಹೀಗೆ ಹಳೆಯ ತಳಿಗಳನ್ನು ಮತ್ತೆ ಎಳೆಯದಾಗಿಸಿದ್ದರು. ಇಂಥ ಸಸಿಗಳಿಗೆ ತಾಯಿಮರದ ವೈರಸ್ ರೋಗಗಳೂ ಬಹುಪಾಲು ದಾಟುವುದಿಲ್ಲ. ಚಕ್ಕೋತಕ್ಕೆ ಈ ಭಾಗ್ಯವಿಲ್ಲ. ಅದರ ಬೀಜದಲ್ಲಿ ಒಂದೇ ಮೊಳಕೆ, ಅದೂ ಪರಾಗದಿಂದ ಹುಟ್ಟಿದ್ದು. ತಾತನ ಮರದ ಬೀಜ ಹಾಕಿದರೆ ಬರುವುದು ತಾತನ ಮರದ ಮಕ್ಕಳು, ಹಣ್ಣು ಕೆಂಪೋ ಬಿಳಿಯೋ, ಸಿಹಿಯೋ ಕಹಿಯೋ ಹೇಳಲಾಗದು. ದೇವನಹಳ್ಳಿ ಸುತ್ತಮುತ್ತ ಒಂದೊಂದು ಮರದ ಹಣ್ಣು ಒಂದೊಂದು ರುಚಿ ಇರುವುದು ಇದಕ್ಕೇ. ಭೌಗೋಳಿಕ ಗುರುತು ಪಡೆದ ಹಣ್ಣು ಅದು, ಆದರೆ ವಿಮಾನ ನಿಲ್ದಾಣ, ಲೇಔಟು ಎಂದು ಜಮೀನು ಹೋದ ಕಡೆಯಲ್ಲೆಲ್ಲ ಹಳೆಯ ಮರಗಳೂ ಹೋಗಿವೆ. ನಿಮ್ಮಂಥವರು ಒಂದು ಒಳ್ಳೆಯ ಮರವನ್ನು ಉಳಿಸಿಕೊಳ್ಳಲು ಹೊರಟಿರುವುದು ಸಣ್ಣ ಕೆಲಸವಲ್ಲ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ: ಈ ಮರಕ್ಕೆ ಕಡ್ಡಿಯ ಹಟ ಬಿಡಿ, ಗೂಟಿ ಕಟ್ಟಿ. ಗೂಟಿ ಎಂದರೆ ಕೊಂಬೆಯ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಅಲ್ಲಿಗೆ ಒದ್ದೆ ಪಾಚಿ ಕಟ್ಟಿ ಬೇರು ಬರಿಸುವುದು. ಇದರಲ್ಲಿ ಕೊಂಬೆ ಮರದ ಮೇಲೆಯೇ ಇರುತ್ತದೆ. ಕಟ್ಟಿಗೆಯ ಮೂಲಕ ನೀರು ಎಂದಿನಂತೆ ಮೇಲೇರುತ್ತಿರುತ್ತದೆ, ಎಲೆಗಳು ಮಾಡಿದ ಆಹಾರವೂ ಹಾರ್ಮೋನೂ ತೊಗಟೆಯಲ್ಲಿ ಕೆಳಗಿಳಿದು ಉಂಗುರದ ಮೇಲಂಚಿನಲ್ಲಿ ತಡೆದು ನಿಲ್ಲುತ್ತವೆ. ಕಡ್ಡಿಗೆ ಬೇರು ಬರುವ ತನಕ ಬದುಕಿರುವುದೇ ದೊಡ್ಡ ಕಷ್ಟ. ಗೂಟಿಗೆ ಆ ಅವಸರವಿಲ್ಲ. ಬಲಿತ ಕೊಂಬೆ ನಿಧಾನಿಯಾದರೂ ಎರಡು ತಿಂಗಳು ಸಮಯ ಕೊಟ್ಟರೆ ಬೇರು ಬಿಡುತ್ತದೆ. ಕೊಂಬೆ ಬಲಿತಿರುವುದರಿಂದ ಮೂರ್ನಾಲ್ಕು ವರ್ಷಕ್ಕೆ ಹಣ್ಣೂ ಸಿಗುತ್ತದೆ.

ಮಳೆ ಹಿಡಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಕಟ್ಟಬಹುದು. ಪೆನ್ಸಿಲ್‌ಗಿಂತ ದಪ್ಪ, ಹೆಬ್ಬೆರಳಿಗಿಂತ ಸಣ್ಣ, ಬಿಸಿಲು ಬೀಳುವ ಕಡೆಯ ಆರೋಗ್ಯವಾದ ಕೊಂಬೆ ಆರಿಸಿ. ಒಂದು ಗಿಣ್ಣಿನ ಸ್ವಲ್ಪ ಕೆಳಗೆ ಸುತ್ತಲೂ ಒಂದಂಗುಲ ಅಗಲದ ತೊಗಟೆ ಬಿಡಿಸಿ ತೆಗೆಯಿರಿ. ಬಿಡಿಸಿದ ಜಾಗ ಕೈಗೆ ಜಾರುತ್ತದೆ. ಆ ಜಾರಿಕೆಯನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆಯಬೇಕು. ಹೆಚ್ಚಿನ ಗೂಟಿಗಳು ಕೆಡುವುದು ಇಲ್ಲೇ: ಒಂದು ಎಳೆಯಷ್ಟು ಜಾರಿಕೆ ಉಳಿದರೂ ತೊಗಟೆ ಮತ್ತೆ ಬೆಸೆದುಕೊಂಡುಬಿಡುತ್ತದೆ, ಬೇರಿಗೆ ಕಾರಣವೇ ಇರುವುದಿಲ್ಲ. ಹಾರ್ಮೋನ್ ಪುಡಿಯನ್ನು ಉಂಗುರದ ಮೇಲಂಚಿಗೆ ಮಾತ್ರ ಹಚ್ಚಿ, ಬೇರು ಬರುವುದು ಅಲ್ಲಿಂದಲೇ. ನೆನೆಸಿದ ಸ್ಫಾಗ್ನಮ್ ಪಾಚಿಯನ್ನು ನೀರು ತೊಟ್ಟಿಕ್ಕದಷ್ಟು ಹಿಂಡಿ, ಮುಷ್ಟಿ ಗಾತ್ರ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಕಟ್ಟಿ. ಮೇಲಿನ ಗಂಟು ಸಡಿಲವಾದರೆ ಮಳೆನೀರು ಇಳಿದು ಪಾಚಿ ಕೊಳೆಯುತ್ತದೆ. ಆರರಿಂದ ಎಂಟು ವಾರದಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಕಂಡ ಕೂಡಲೇ ಕತ್ತರಿಸಬೇಡಿ. ಬೇರು ಕವಲೊಡೆದು ಕಂದು ಬಣ್ಣಕ್ಕೆ ತಿರುಗಲಿ. ಆಗ ಗೂಟಿಯ ಕೆಳಗೆ ಅರ್ಧ ಕತ್ತರಿಸಿ, ವಾರ ಬಿಟ್ಟು ಪೂರ್ತಿ ತೆಗೆಯಿರಿ. ಹಾಳೆ ಬಿಚ್ಚಿ, ಪಾಚಿಯನ್ನು ಮಾತ್ರ ಕೆದಕದೆ, ಅರ್ಧ ಎಲೆ ಸವರಿ, ಚೀಲದಲ್ಲಿ ನೆಟ್ಟು ನೆರಳಲ್ಲಿ ಮೂರ್ನಾಲ್ಕು ತಿಂಗಳು ಸಾಕಿ. ಮರ ದೊಡ್ಡದಿದ್ದರೂ ಒಂದೇ ವರ್ಷ ಎಲ್ಲ ಕೊಂಬೆಗೂ ಕಟ್ಟಲು ಹೋಗಬೇಡಿ, ಅರವತ್ತು ವರ್ಷದ ಮರಕ್ಕೆ ಅಷ್ಟು ಗಾಯ ಬೇಡ.

ಹೆಚ್ಚು ಗಿಡ ಬೇಕು, ಕಡ್ಡಿಯಿಂದಲೇ ಮಾಡಬೇಕು ಎಂದಿದ್ದರೆ ದಾರಿ ಇದೆ, ಸ್ವಲ್ಪ ಸುತ್ತು. ಈ ವರ್ಷ ಬಂದ ಗೂಟಿಗಳಲ್ಲಿ ಒಂದೆರಡನ್ನು ಹಣ್ಣಿಗೆ ಬಿಡದೆ ತಾಯಿಗಿಡವಾಗಿ ಇಟ್ಟುಕೊಳ್ಳಿ. ಪ್ರತಿವರ್ಷ ಜನವರಿ-ಫೆಬ್ರವರಿಯಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ನೀರು ಗೊಬ್ಬರ ಚೆನ್ನಾಗಿ ಕೊಡಿ. ಕತ್ತರಿಸಿದ ಮೇಲೆ ಬರುವ ಭರದ ಚಿಗುರು ಬೀಜದ ಸಸಿಯಷ್ಟು ಎಳೆಯದಾಗುವುದಿಲ್ಲ, ಆದರೂ ಹಣ್ಣಿನ ಕೊಂಬೆಗಿಂತ ಚೆನ್ನಾಗಿ ಬೇರು ಬಿಡುತ್ತದೆ. ಚಿಗುರು ಹೊಸದಾಗಿದ್ದಾಗ ಮೂಲೆ ಮೂಲೆಯಾಗಿರುತ್ತದೆ, ಬೆರಳ ನಡುವೆ ಉರುಳಿಸಿದರೆ ಏಣು ಸಿಗುತ್ತದೆ. ಅದು ಗುಂಡಗಾಗಿ, ಹಸಿರು ಇನ್ನೂ ಹೋಗದಿರುವಾಗ ಕಡ್ಡಿಗೆ ಹದ. ಬೆಳಗ್ಗೆ ಬೇಗ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ. ಗೇಣುದ್ದ ಸಾಕು, ಮೇಲಿನ ಎರಡು ಎಲೆ ಅರ್ಧ ಕತ್ತರಿಸಿ ಉಳಿಸಿ. ಎಲೆ ಪೂರ್ತಿ ಕಿತ್ತರೆ ಈ ಜಾತಿಯಲ್ಲಿ ಬೇರು ಬರುವುದು ಬಹಳ ಕಷ್ಟ.

ಹಾರ್ಮೋನು ಬಳಸುವುದಾದರೆ ಐಬಿಎ (ಬೇರು ಬರಿಸುವ ಒಂದು ಆಕ್ಸಿನ್) 2000 ಪಿಪಿಎಂ ಸಾಕು. 200 ಮಿಲಿಗ್ರಾಂ ಪುಡಿಯನ್ನು 50 ಮಿಲಿ ಆಲ್ಕೋಹಾಲ್‌ನಲ್ಲಿ ಕರಗಿಸಿ, ಆಮೇಲೆ 50 ಮಿಲಿ ನೀರು ಸೇರಿಸಿ. ಮೊದಲೇ ನೀರಿಗೆ ಹಾಕಿದರೆ ಕರಗುವುದಿಲ್ಲ, ತೇಲುತ್ತದೆ. ಕಡ್ಡಿಯ ಬುಡವನ್ನು ಹತ್ತು ಸೆಕೆಂಡು ಅದ್ದಿ ತೆಗೆದು, ಆರಿದ ಮೇಲೆ ದಪ್ಪ ಮರಳು ಮತ್ತು ಕೋಕೋಪಿಟ್ ಸೇರಿಸಿದ ಟ್ರೇಯಲ್ಲಿ ನೆಡಿ. ಸಗಣಿ ಗೊಬ್ಬರ ಬೇಡ, ಕೊಳೆಯುತ್ತದೆ. ಮೇಲೆ ಪ್ಲಾಸ್ಟಿಕ್ ಗುಡಾರ, ಅದರ ಮೇಲೆ ಶೇಡ್ ನೆಟ್. ಹಾರ್ಮೋನು ಹೆಚ್ಚಾದರೆ ವಯಸ್ಸನ್ನು ಗೆಲ್ಲಬಹುದು ಎಂದು ಡೋಸು ಏರಿಸುವವರಿದ್ದಾರೆ. ಬುಡ ಕಪ್ಪಾಗಿ ಸುಡುತ್ತದೆ, ಬೇರೇನೂ ಆಗುವುದಿಲ್ಲ. ಸ್ಪಂದಿಸದ ಕೋಶಕ್ಕೆ ಜೋರಾಗಿ ಕೂಗಿ ಹೇಳಿದರೆ ಪ್ರಯೋಜನವಿಲ್ಲ.

ಏನೇ ಮಾಡುವ ಮೊದಲು ಮರಕ್ಕೆ ಒಂದು ಸುತ್ತು ಹಾಕಿ ನೋಡಿ. ಎಲೆಯ ನಡುನರದ ಒಂದು ಬದಿಗೆ ಒಂದು ರೀತಿ, ಇನ್ನೊಂದು ಬದಿಗೆ ಇನ್ನೊಂದು ರೀತಿ ಹಳದಿ ಮಚ್ಚೆ ಇದ್ದರೆ ಗ್ರೀನಿಂಗ್ ರೋಗದ ಅನುಮಾನ. ಗೂಟಿ, ಕಡ್ಡಿ, ಕಣ್ಣು ಯಾವುದರಿಂದ ಮಾಡಿದರೂ ಆ ರೋಗ ಹೊಸ ಗಿಡಕ್ಕೆ ಜೊತೆಗೇ ಹೋಗುತ್ತದೆ. ಹಾಗಿದ್ದರೆ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಇನ್ನೊಂದು, ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಬೇರುಸಸಿಯ ರಕ್ಷಣೆಯೂ ಇಲ್ಲ. ಮೊದಲ ಎರಡು ವರ್ಷ ಊರುಗೋಲು ಕಟ್ಟಿ, ನೀರು ನಿಲ್ಲುವ ಜಾಗ ತಪ್ಪಿಸಿ, ಬುಡಕ್ಕೆ ಮಣ್ಣು ಏರಿಸಬೇಡಿ. ಇಲ್ಲದಿದ್ದರೆ ಬುಡದಲ್ಲಿ ಅಂಟು ಸೋರುವ ರೋಗ ಹಿಡಿಯುತ್ತದೆ. ಜಾಗ ಜವುಗು ಎನ್ನಿಸಿದರೆ ಗೂಟಿ ಬಿಟ್ಟು ಕಣ್ಣು ಕಸಿ ಮಾಡಿಸುವುದೇ ಮೇಲು.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕಾದ ಮಾತು. ಚಕ್ಕೋತದಲ್ಲಿ ಬಹುತೇಕ ಮರಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ತಾತನ ಮರದಿಂದ ಹತ್ತು ಗೂಟಿ ಮಾಡಿ ಒಂದೇ ಕಡೆ ನೆಟ್ಟರೆ ಅವು ಹತ್ತು ಗಿಡವಲ್ಲ, ಪರಾಗದ ಲೆಕ್ಕದಲ್ಲಿ ಒಂದೇ ಗಿಡ. ಹೂವು ತುಂಬಿಕೊಂಡೂ ಕಾಯಿ ನಿಲ್ಲದೆ ಹೋಗಬಹುದು. ಬದುವಿನ ಮರಕ್ಕೆ ಇಷ್ಟು ವರ್ಷ ಅಕ್ಕಪಕ್ಕದ ಜಮೀನಿನ ಮರಗಳಿಂದ ಜೇನುನೊಣ ಪರಾಗ ತಂದಿರುತ್ತದೆ. ಆ ಮರಗಳು ಇನ್ನೂ ಇವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಗೂಟಿಗಳ ನಡುವೆ ಬೇರೆ ಮರದ್ದು ಒಂದೆರಡು ಚಕ್ಕೋತ, ಬೀಜದ ಸಸಿಯಾದರೂ ಸರಿ, ಈಗಲೇ ಹಾಕಿಬಿಡಿ. ಅದು ಹೂವಿಗೆ ಬರಲು ತಡವಾಗುತ್ತದೆ, ಆದ್ದರಿಂದ ಗೂಟಿ ಕಟ್ಟುವ ಈ ಮಳೆಗಾಲದಲ್ಲೇ ನೆಡುವುದು ಒಳ್ಳೆಯದು.